ರ‍್ಯಾಂಚ್, ಪ್ಲಾಜಾ, ಬೊನಾಂಜಾ: ಬೈರಮಂಗಲದ ದಾರಿಯಲ್ಲಿ ಸಿಕ್ಕ ಸ್ಪ್ಯಾನಿಷ್

ಬೆಂಗಳೂರಿನಿಂದ ಬೈರಮಂಗಲದ ಕಡೆ ಹೊರಟರೆ ಬಿಡದಿಗೂ ಮೊದಲೇ ಕಣಿಮಿಣಿಕೆಯ ‘ಟೋಲ್ ಪ್ಲಾಜಾ’ ಸಿಗುತ್ತೆ. ಪ್ಲಾಜಾ ಸ್ಪ್ಯಾನಿಷ್ ಪದ. ಅಲ್ಲಿ ಅದು ಊರ ನಡುವಿನ ಬಯಲು, ಯಾರು ಬೇಕಾದ್ರೂ ಬಂದು ಕೂರೋ ಜಾಗ. ಇಂಗ್ಲಿಷಿನ ಕೈದಾಟಿ ನಮ್ಮ ಹತ್ರ ಬರೋ ಹೊತ್ತಿಗೆ ಅದು ದುಡ್ಡು ಕಟ್ಟಿದ್ರೆ ಮಾತ್ರ ದಾಟೋ ಗೇಟ್ ಆಗಿದೆ. ನನ್ನಂಥ ಬೈಕಿನವರಿಗಂತೂ 2023ರ ಆಗಸ್ಟ್‌ನಿಂದ ಆ ಎಕ್ಸ್‌ಪ್ರೆಸ್‌ವೇಗೇ ಪ್ರವೇಶ ಇಲ್ಲ!

ಇಂಗ್ಲಿಷಿನೊಳಗೆ ಸ್ಪ್ಯಾನಿಷ್ ಎಷ್ಟಿದೆ ಅಂತ ತಿಳಿಯೋಕೆ ಈ ರಸ್ತೆ ಸಾಕು. ತರಕಾರಿ ಗಾಡಿಯ ಟೊಮೆಟೊ, ಐಸ್‌ಕ್ರೀಮ್ ಬೋರ್ಡಿನ ವೆನಿಲ್ಲಾ, ಲಾರಿ ಮೇಲಿನ ಕಾರ್ಗೋ. ವೃಷಭಾವತಿಯ ಕೊಳಕು ತುಂಬಿಕೊಂಡ ಬೈರಮಂಗಲ ಕೆರೆ ದಡದಲ್ಲಿ ಸಂಜೆ ನಿಂತರೆ ಕಚ್ಚೋ ‘ಮಸ್ಕಿಟೊ’ ಕೂಡ ಸ್ಪ್ಯಾನಿಷ್ಷೇ: ಪುಟ್ಟ ನೊಣ ಅಂತ ಅರ್ಥ. ‘ಗೆರಿಲ್ಲಾ’ ಕೂಡ ಹಾಗೇ, ಪುಟ್ಟ ಯುದ್ಧ.

ಆದರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಫಾರ್ಮ್ ಪ್ಲಾಟ್ ಜಾಹೀರಾತಿನ ‘ರ‍್ಯಾಂಚ್’. ಇದರ ಮೂಲ ಸ್ಪ್ಯಾನಿಷ್ಷಿನ ‘ರಾಂಚೊ’. ಕ್ಯಾಲಿಫೋರ್ನಿಯಾ ಮೆಕ್ಸಿಕೊದ ಭಾಗವಾಗಿದ್ದಾಗ ದೊಡ್ಡ ದೊಡ್ಡ ರಾಂಚೊಗಳಿದ್ದವು. (ಅದಕ್ಕೂ ಮುಂಚೆ ಆ ನೆಲ ಮೂಲನಿವಾಸಿಗಳದ್ದು. ಕಸಿದುಕೊಂಡವರಿಂದಲೇ ಕಸಿದುಕೊಂಡ ಕತೆ ಇದು.) 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಆ ಪ್ರದೇಶ ಅಮೆರಿಕದ ಪಾಲಾಯ್ತು. ಅಲ್ಲಿದ್ದವರ ಆಸ್ತಿಗೆ ರಕ್ಷಣೆ ಇದೆ ಅಂತ ಒಪ್ಪಂದವೇ ಹೇಳಿತ್ತು. ಆದರೆ 1851ರ ಕಾನೂನು, ನೆಲ ನಿಮ್ಮದೇ ಅಂತ ನೀವೇ ಸಾಬೀತು ಮಾಡಿ ಅಂತು. ಕೈಯಲ್ಲಿದ್ದದ್ದು ಅಂದಾಜಿನ ನಕ್ಷೆ, ಗಡಿಗೆ ಮರವೋ ಹಳ್ಳವೋ ಗುರುತು. ಕೇಸು ವರ್ಷಗಟ್ಟಲೆ ಎಳೆದವು. ಗೆದ್ದವರೂ ವಕೀಲರ ಫೀಸಿಗೆ, ಸಾಲಕ್ಕೆ ನೆಲ ಮಾರಿದರು. ರಾಂಚೊ ಹೋಯ್ತು, ಪದ ಮಾತ್ರ ಇಂಗ್ಲಿಷಿನಲ್ಲಿ ಉಳೀತು.

‘ಬೊನಾಂಜಾ’ದ ಪಯಣವೂ ಹೀಗೇ. ಸ್ಪ್ಯಾನಿಷ್ ನಾವಿಕರಿಗೆ ಅದು ಶಾಂತ ಸಮುದ್ರ. ಆಮೇಲೆ ಗಣಿಯವರ ಬಾಯಲ್ಲಿ ಅದೃಷ್ಟದ ಅದಿರು. ಈಗ ನಮ್ಮ ಪೇಪರ್‌ಗಳಲ್ಲಿ ‘ಬಂಪರ್ ಬೊನಾಂಜಾ’. ಭೂಮಿಯ ಪರಿಹಾರದ ವಿಷಯಕ್ಕೂ ಈ ಪದ ಬಳಸೋದನ್ನ ಕೇಳಿದ್ದೀನಿ.

ಬಿಡದಿ ಟೌನ್‌ಶಿಪ್‌ಗೆ 2025ರ ಮಾರ್ಚ್‌ನಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಬಿತ್ತು. ಬೈರಮಂಗಲ ಸೇರಿ ಒಂಬತ್ತು ಹಳ್ಳಿ, ಏಳು ಸಾವಿರಕ್ಕೂ ಹೆಚ್ಚು ಎಕರೆ. ಬೈರಮಂಗಲದಲ್ಲಿ ರೈತರು ಧರಣಿ ಕೂತರು. ಅವರ ಬಾಯಲ್ಲಿರೋದು ಬೇರೆಯದೇ ಎರವಲು ಪದಗಳು: ಜಮೀನು, ಖರಾಬು, ತಕರಾರು ಅರ್ಜಿ. ಪಾರ್ಸಿ, ಅರಬ್ಬಿಯಿಂದ ಬಂದು ಕಂದಾಯ ಕಚೇರಿಯಲ್ಲಿ ನೆಲೆಯಾದವು. ‘ರೈತ’ ಕೂಡ ಅಲ್ಲಿಂದಲೇ ಬಂದದ್ದು. ಮೂಲದಲ್ಲಿ ಅದರ ಅರ್ಥ ಬೇಸಾಯಗಾರ ಅಲ್ಲ, ಆಳಿಸಿಕೊಳ್ಳುವವನು. ಆ ಅರ್ಥವನ್ನ ಕನ್ನಡ ಯಾವತ್ತೋ ಬಿಟ್ಟಿದೆ. ಕಚೇರಿ ಬಿಟ್ಟಿದೆಯಾ ಅಂತ ಧರಣಿ ಕೂತವರನ್ನೇ ಕೇಳಬೇಕು.