ಸೊನ್ನೆ ಬೇರೆ, ಇಲ್ಲದಿರುವಿಕೆ ಬೇರೆ

ಬೀದರದಲ್ಲಿ 30, ಭಾಲ್ಕಿಯಲ್ಲಿ 24 ಮಿಲಿಮೀಟರ್ ಮಳೆ ಬಿದ್ದಿತೆಂದೂ, ಔರಾದಿನ ಅಳತೆ ನಮ್ಮ ಕೈಸೇರಲಿಲ್ಲವೆಂದೂ ಭಾವಿಸೋಣ. ಸರಾಸರಿ ಎಷ್ಟು? ದೊರೆತ ಎರಡು ಅಳತೆಗಳಿಂದ 27 ಎನ್ನಬಹುದು. ಆದರೆ ಜಾವಾಸ್ಕ್ರಿಪ್ಟ್ ಭಾಷೆಯು ಕೂಡುವಾಗ ‘ನಲ್’ ಎಂಬ ಇಲ್ಲದ ಬೆಲೆಯನ್ನು ಸೊನ್ನೆಯೆಂದೇ ಎಣಿಸುತ್ತದೆ; ಮೊತ್ತವನ್ನು ಮೂರರಿಂದ ಭಾಗಿಸಿದರೆ 18 ಬರುತ್ತದೆ. ಔರಾದಿನಲ್ಲಿ ಮಳೆಯೇ ಆಗಲಿಲ್ಲವೆಂಬ ಸುಳ್ಳು ಹೀಗೆ ಸದ್ದಿಲ್ಲದೆ ಲೆಕ್ಕದೊಳಗೆ ನುಸುಳುತ್ತದೆ. ಬಿತ್ತನೆಗೆ ಕಾದಿರುವ ರೈತನಿಗೆ ಇದು ಹುಡುಗಾಟವಲ್ಲ.

ಇಂಥ ತಪ್ಪನ್ನು ಮೊದಲೇ ಹಿಡಿಯಲು, ಮೈಕ್ರೋಸಾಫ್ಟ್ ಸಂಸ್ಥೆ 2012ರಲ್ಲಿ ಹೊರತಂದ ಟೈಪ್‌ಸ್ಕ್ರಿಪ್ಟ್ ನೆರವಾಗುತ್ತದೆ. ಅದರ ಕಂಪೈಲರ್ ಹೇಗೆ ನಡೆಯಬೇಕೆಂಬ ಕಟ್ಟಳೆಗಳು ‘ಟಿಎಸ್‌ಕಾನ್ಫಿಗ್’ ಎಂಬ ಕಡತದಲ್ಲಿರುತ್ತವೆ. ಯಾವ ಕಾಲದ ಜಾವಾಸ್ಕ್ರಿಪ್ಟ್ ಹೊರಬೀಳಬೇಕೆಂಬುದನ್ನು ‘ಟಾರ್ಗೆಟ್’, ಅದನ್ನು ಎಲ್ಲಿಡಬೇಕೆಂಬುದನ್ನು ‘ಔಟ್‌ಡಿರ್’ ತಿಳಿಸುತ್ತವೆ. ನಮಗೆ ಮುಖ್ಯವಾದುದು 2016ರಲ್ಲಿ ಬಂದ ‘ಸ್ಟ್ರಿಕ್ಟ್‌ನಲ್‌ಚೆಕ್ಸ್’. ಅದು ಜಾರಿಯಲ್ಲಿದ್ದರೆ, ‘ಸಂಖ್ಯೆ ಅಥವಾ ನಲ್’ ಎಂದು ಘೋಷಿಸಿದ ಅಳತೆಯನ್ನು ಪರೀಕ್ಷಿಸದೆ ಕೂಡಹೊರಟೊಡನೆ ಕಂಪೈಲರ್ ಆಕ್ಷೇಪಿಸುತ್ತದೆ, ಇಲ್ಲದಿದ್ದರೆ ಮೌನವಾಗಿರುತ್ತದೆ.

ಆಕ್ಷೇಪಗಳ ಕಾಟ ತಾಳದೆ ಯಾರೋ ಅದನ್ನು ‘ಫಾಲ್ಸ್’ ಮಾಡಿದರೆ, ಮುಂದೆ ಬಂದವರಿಗೆ ಕಾರಣ ತಿಳಿಯುವ ಬಗೆ ಹೇಗೆ? ಸಾಮಾನ್ಯ ಜೇಸನ್ ಕಡತದಲ್ಲಿ ಟಿಪ್ಪಣಿಗೆ ಎಡೆಯಿಲ್ಲ. ಸುದೈವದಿಂದ ಈ ಕಡತದಲ್ಲಿ ಉಂಟು. ಆ ಕಟ್ಟಳೆಯ ಮುಂದೆ ಎರಡು ಓರೆಗೆರೆಗಳನ್ನೆಳೆದು, “ಔರಾದಿನ ಅಳತೆ ಬಾರದಿರಬಹುದು, ಇದನ್ನು ತೆಗೆಯಬೇಡಿ” ಎಂದು ಬರೆದಿಟ್ಟರೆ ಸಾಕು.