ಡೋಣಿ ದಂಡೆಯ ಹೂಳು ಮತ್ತು ಸಣ್ಣ ಟ್ರ್ಯಾಕ್ಟರ್

‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬುದು ವಿಜಯಪುರ ಜಿಲ್ಲೆಯ ಹಳೆಯ ಮಾತು. ಆದರೆ ಜತ್ತ ಸೀಮೆಯಿಂದ ಹರಿದು ಬಂದು ತಾಳಿಕೋಟೆಯ ಬಳಿ ಸಾಗಿ ಕೃಷ್ಣೆಯನ್ನು ಸೇರುವ ಈ ನದಿ ಉಕ್ಕಿದಾಗ ದಂಡೆಯ ಹೊಲಗಳ ಮೇಲೆ ಹೂಳು ಹಾಸಿ ಹೋಗುತ್ತದೆ. ಹಿಂಗಾರಿ ಬಿಳಿಜೋಳದ ಬಿತ್ತನೆಗೆ ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ಮಧ್ಯದವರೆಗಿನ ಕಾಲ ಸೂಕ್ತ. ಅದು ಕೈತಪ್ಪೀತೆಂದು ರೈತರು ನೀರು ಇಳಿದ ಕೂಡಲೇ ಟ್ರ್ಯಾಕ್ಟರನ್ನು ಹೊಲಕ್ಕೆ ಇಳಿಸುತ್ತಾರೆ. ಈ ಆತುರ ಹಾನಿಕರ.

ಹಿಮಕ್ಕಿಂತ ಭಾರ

ಹಿಮ ಬೀಳುವ ಬೆಟ್ಟದ ನಾಡುಗಳಲ್ಲಿ ರೈತರು ಸಣ್ಣ ಟ್ರ್ಯಾಕ್ಟರಿಗೆ ಬ್ಲೇಡ್ ಜೋಡಿಸಿ ದಾರಿಯ ಹಿಮವನ್ನು ಸರಿಸುತ್ತಾರೆ. ಹೊಸದಾಗಿ ಬಿದ್ದ ಹಿಮ ಒಂದು ಘನ ಮೀಟರಿಗೆ ಸುಮಾರು 100 ಕಿ.ಗ್ರಾಂ. ತೂಗಿದರೆ, ಹಸಿ ಹೂಳು 1,600 ಕಿ.ಗ್ರಾಂ. ಮೀರುತ್ತದೆ. ಆದುದರಿಂದ 20–25 ಅಶ್ವಶಕ್ತಿಯ ಯಂತ್ರದಿಂದ ಹೂಳನ್ನು ಒಂದೇ ಸಲಕ್ಕೆ ತಳ್ಳಲಾಗದು. ಆದರೂ ಅವರ ಎರಡು ಪಾಠ ನಮಗೂ ಉಪಯುಕ್ತ: ಎಲ್ಲಿ ಹಾಕಬೇಕೆಂದು ಮೊದಲೇ ಗೊತ್ತುಮಾಡುವುದು, ತೆಳುವಾಗಿ ಹಲವು ಸಲ ಸರಿಸುವುದು.

ಎಷ್ಟು ತೆಗೆಯಬೇಕು?

ಒಂದು ಎಕರೆಯ ಮೇಲೆ 10 ಸೆಂ.ಮೀ. ಹೂಳು ಕುಳಿತರೆ ಅದು ಸುಮಾರು 400 ಘನ ಮೀಟರ್, ಅಂದರೆ ಒಣಗಿದ ಮೇಲೂ ಸುಮಾರು 600 ಟನ್. ಒಂದೂವರೆ ಟನ್ ಹಿಡಿಯುವ ಟ್ರೇಲರಿನಲ್ಲಿ 400 ಸರ್ತಿ ಹೇರಬೇಕು. ಇದು ಯಾರಿಗೂ ಲಾಭದಾಯಕವಲ್ಲ. ಆದ್ದರಿಂದ:

1. 5 ಸೆಂ.ಮೀ.ವರೆಗಿನ ಹೂಳನ್ನು ಕುಂಟೆ ಹೊಡೆದು ಮಣ್ಣಿನಲ್ಲಿ ಬೆರೆಸಿರಿ.
2. ಅದಕ್ಕಿಂತ ದಪ್ಪನಾಗಿದ್ದರೆ ಗುಡ್ಡೆಗಳನ್ನು ಬ್ಲೇಡಿನಿಂದ ಹರಡಿ, ಆಳವಾಗಿ ನೇಗಿಲು ಹೊಡೆಯಿರಿ.
3. ಪೂರ್ತಿ ತೆಗೆಯಬೇಕಾದುದು ಬಂಡಿದಾರಿ, ಒಡ್ಡಿನ ಕೋಡಿ, ನೀರು ಬಸಿಯುವ ಕಾಲುವೆ ಮತ್ತು ಬಾವಿಯ ಸುತ್ತಲಿನ ಹೂಳನ್ನು ಮಾತ್ರ. ಕೋಡಿಯ ಕೆಲಸ ಮೊದಲು ಮುಗಿಯಲಿ. ನಿಂತ ನೀರು ಹರಿದು ಹೋದರೆ ಹೊಲ ಬೇಗ ಹದಕ್ಕೆ ಬರುತ್ತದೆ.

ಹದ ನೋಡುವ ಬಗೆ

ಎರೆಭೂಮಿ ಹಸಿಯಿದ್ದಾಗ ಗಾಲಿಯ ಭಾರಕ್ಕೆ ಅದುಮಿ ಗಟ್ಟಿಯಾಗುತ್ತದೆ. ಬೇರು ಇಳಿಯದು, ನೀರೂ ಇಂಗದು. ಹೂಳಿನ ಕೆಳಗಿನ ಮೂಲ ಮಣ್ಣಿನಿಂದ ಒಂದು ಹಿಡಿ ತೆಗೆದು ಅಂಗೈಗಳ ನಡುವೆ ಹೊಸೆಯಿರಿ. 3 ಮಿ.ಮೀ. ದಪ್ಪದ ಎಳೆ ಮುರಿಯದೆ ಬಂದರೆ ಇನ್ನೂ ಕಾಯಬೇಕು. ಎಳೆಯಾಗುವ ಮೊದಲೇ ಪುಡಿಯಾದರೆ ಟ್ರ್ಯಾಕ್ಟರ್ ಇಳಿಸಬಹುದು. ನಾಲ್ಕು ದಿನ ತಡವಾದರೆ ಆಗುವ ನಷ್ಟಕ್ಕಿಂತ ಅದುಮಿದ ನೆಲದ ನಷ್ಟ ಹೆಚ್ಚು ಕಾಲ ಉಳಿಯುತ್ತದೆ.

ಚಾಲಕರಿಗೆ ಎಚ್ಚರಿಕೆ

ಹಳ್ಳದ ದಂಡೆ ಒಳಗೆ ಕೊರೆದಿರುವುದು ಮೇಲಿನಿಂದ ಕಾಣದು. ಹಳ್ಳ ಎಷ್ಟು ಆಳವೋ, ಕನಿಷ್ಠ ಅಷ್ಟು ದೂರದಲ್ಲೇ ಗಾಲಿಗಳಿರಲಿ. ಹೂತುಹೋದ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಯುವಾಗ ಸರಪಳಿಯನ್ನು ಹಿಂಭಾಗದ ಕೆಳಗಿನ ಕೊಂಡಿಗೇ ಕಟ್ಟಿರಿ. ಅಚ್ಚಿಗೆ ಅಥವಾ ಮೇಲ್ಭಾಗಕ್ಕೆ ಕಟ್ಟಿದರೆ ಎಳೆಯುವ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಚಾಲಕನ ಮೇಲೆಯೇ ಮಗುಚುವ ಅಪಾಯವಿದೆ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಬಾರದು.

ಬಿತ್ತುವ ಮೊದಲು

ಡೋಣಿಯ ನೀರಿನಲ್ಲಿ ಉಪ್ಪಿನ ಅಂಶವಿರುವುದರಿಂದ ಹೂಳಿನ ಮಾದರಿಯನ್ನು ಪ್ರತ್ಯೇಕವಾಗಿ ಮಣ್ಣು ಪರೀಕ್ಷೆಗೆ ಕಳುಹಿಸಿರಿ. ರಸಸಾರ 8.5ಕ್ಕಿಂತ ಹೆಚ್ಚಿದ್ದರೆ ವರದಿಯ ಶಿಫಾರಸಿನಂತೆ ಜಿಪ್ಸಂ ಹಾಕಿರಿ. ಹೂಳೆಲ್ಲ ಶಾಪವಲ್ಲ. ಹದವರಿತು ಬೆರೆಸಿಕೊಂಡರೆ ಅದೇ ಮುಂದಿನ ಜೋಳಕ್ಕೆ ನೆಲವಾಗುತ್ತದೆ.