ಪ್ರಾಸ್ಟೇಟ್ ಆಪರೇಷನ್ ಆದ್ಮೇಲೆ ಮೂತ್ರ ಸೋರುತ್ತಾ? ರೋಬೋಟ್ ಸರ್ಜರಿಯಲ್ಲಿ ಏನು ಮಾಡ್ತಾರೆ, ಇಲ್ಲಿದೆ ವಿವರ

ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಅಂತ ಗೊತ್ತಾದ ಗಂಡಸರು ಡಾಕ್ಟರ್ ಮುಂದೆ ಕೇಳೋಕೆ ನಾಚುವ ಪ್ರಶ್ನೆ ಒಂದಿದೆ: ಗ್ರಂಥಿ ತೆಗೆದ ಮೇಲೆ ಮೂತ್ರ ತಡೆಯೋಕೆ ಆಗುತ್ತಾ? ದಿನವಿಡೀ ಗಲ್ಲಾ ಮೇಲೆ ಕೂರುವವರಿಗೆ ಇದು ಸಣ್ಣ ಚಿಂತೆಯಲ್ಲ.

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಬುಡದಲ್ಲಿ. ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತೆ. ಮೂತ್ರ ತಡೆಯುವ ಸ್ನಾಯು ಗ್ರಂಥಿಯ ಮೇಲೊಂದು, ಕೆಳಗೊಂದು. ಗ್ರಂಥಿ ತೆಗೆದು ಮೂತ್ರಕೋಶವನ್ನು ನಾಳಕ್ಕೆ ಹೊಲಿದಾಗ ಮೇಲಿನದು ದುರ್ಬಲವಾಗುತ್ತೆ, ಹೊರೆಯೆಲ್ಲ ಕೆಳಗಿನದರ ಮೇಲೆ. ಅದಕ್ಕೇ ಕೆಮ್ಮಿದರೆ, ಮೂಟೆ ಎತ್ತಿದರೆ ಸೋರಿಕೆ.

ರೋಬೋಟ್ ತಾನಾಗಿಯೇ ಆಪರೇಷನ್ ಮಾಡುತ್ತೆ ಅನ್ನೋದು ತಪ್ಪು ಕಲ್ಪನೆ. ಕನ್ಸೋಲ್ ಮುಂದೆ ಕೂತು ಅದನ್ನು ನಡೆಸುವವರು ಸರ್ಜನ್. ಏನು ಕತ್ತರಿಸಬೇಕು, ಏನು ಉಳಿಸಬೇಕು ಅನ್ನೋದೂ ಅವರದೇ ತೀರ್ಮಾನ.

ಸಾಮಾನ್ಯವಾಗಿ ಮೂತ್ರಕೋಶವನ್ನು ಹೊಟ್ಟೆಯ ಮುಂದಿನ ಗೋಡೆಯಿಂದ ಬಿಡಿಸಿ, ಮುಂಭಾಗದಿಂದ ಗ್ರಂಥಿಗೆ ಹೋಗ್ತಾರೆ. ಇಟಲಿಯ ಮಿಲಾನ್‌ನ ನಿಗ್ವಾರ್ಡಾ ಆಸ್ಪತ್ರೆಯ ಬೊಚ್ಚಾರ್ಡಿ ತಂಡ 2010ರಲ್ಲಿ ಹಿಂಬದಿಯ ದಾರಿ ತೋರಿಸಿತು. ಮುಂದಿನ ಜಾಗದ ಹೆಸರು ರೆಟ್ಝಿಯಸ್. ಅದನ್ನು ಮುಟ್ಟದ ಈ ವಿಧಾನಕ್ಕೆ 'ರೆಟ್ಝಿಯಸ್ ಸ್ಪೇರಿಂಗ್' ಅಂತಾರೆ. ಮೂತ್ರಕೋಶವನ್ನು ಎತ್ತಿಹಿಡಿದ ಕಟ್ಟುಗಳು ಹಾಗೇ ಉಳಿಯುತ್ತವೆ.

ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ 120 ಮಂದಿಯ ಮೇಲೆ ಎರಡೂ ವಿಧಾನ ಹೋಲಿಸಿ ನೋಡಿದರು. ಕ್ಯಾತಿಟರ್ ತೆಗೆದ ಒಂದು ವಾರಕ್ಕೆ ಹಿಂಬದಿ ವಿಧಾನದಲ್ಲಿ ಶೇ 71, ಮುಂಬದಿಯಲ್ಲಿ ಶೇ 48 ಜನರಿಗೆ ಪ್ಯಾಡ್ ಬೇಕಿರಲಿಲ್ಲ, ಅಥವಾ ಮುಂಜಾಗ್ರತೆಗೆ ಒಂದು ಸಾಕಾಗಿತ್ತು. ವರ್ಷ ಕಳೆಯುವಷ್ಟರಲ್ಲಿ ಈ ಅಂತರ ಬಹುಪಾಲು ಮುಚ್ಚಿಹೋಗುತ್ತೆ. ಅಂದ್ರೆ ಲಾಭ ಮುಖ್ಯವಾಗಿ ಮೊದಲ ತಿಂಗಳುಗಳಲ್ಲಿ. ಕೆಲಸಕ್ಕೆ ಬೇಗ ಮರಳಬೇಕಾದವರಿಗೆ ಅದೇನೂ ಕಡಿಮೆಯಲ್ಲ.

ಆದರೆ ಎಲ್ಲರಿಗೂ ಇದು ಹೊಂದಲ್ಲ. ಗಡ್ಡೆ ಗ್ರಂಥಿಯ ಮುಂಭಾಗದಲ್ಲಿದ್ದರೆ ಅಂಚಿನಲ್ಲಿ ಕ್ಯಾನ್ಸರ್ ಉಳಿಯುವ ಆತಂಕ ಹೆಚ್ಚು. ಎಂಆರ್‌ಐ ನೋಡಿಯೇ ನಿರ್ಧಾರ ಆಗಬೇಕು. ಕ್ಯಾನ್ಸರ್ ಪೂರ್ತಿ ಹೋಗೋದು ಮೊದಲು, ಪ್ಯಾಡ್ ಲೆಕ್ಕ ಆಮೇಲೆ.

ರೋಗಿ ಕೈಯಲ್ಲಿರೋದು ಕೀಗಲ್ ವ್ಯಾಯಾಮ. ಗಾಳಿ ಬಿಡದಂತೆ ತಡೆಯುವಾಗ ಬಿಗಿಯುವ ಸ್ನಾಯುವನ್ನೇ ಬಿಗಿದು, ಸಡಿಲಿಸೋದು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಆಪರೇಷನ್‌ಗೆ ಮೊದಲೇ ಕಲಿತರೆ ಒಳ್ಳೇದು. ಕ್ಯಾತಿಟರ್ ಇರುವಾಗ ಮಾಡಬೇಡಿ. ಸೋರುತ್ತೆ ಅಂತ ನೀರು ಕುಡಿಯೋದು ಬಿಡೋರೂ ಇದ್ದಾರೆ. ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತೆ ಅಷ್ಟೇ.

ಆಪರೇಷನ್‌ಗೆ ಒಪ್ಪುವ ಮೊದಲು ಸರ್ಜನ್‌ನ ನೇರವಾಗಿ ಕೇಳಿ: ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ? ನಿಮ್ಮ ರೋಗಿಗಳಲ್ಲಿ ವರ್ಷದ ನಂತರವೂ ಪ್ಯಾಡ್ ಬಳಸೋರು ಎಷ್ಟು ಜನ?